ಲೊಸಾನ್ ಲೆಕ್ಕ

ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 2022ರ ಫೆಬ್ರವರಿ 7ರಂದು ಮುಗಿದ ಫಿಗರ್ ಸ್ಕೇಟಿಂಗ್ ತಂಡ ಸ್ಪರ್ಧೆಯ ಚಿನ್ನ ಅಮೆರಿಕದವರ ಕೊರಳಿಗೆ ಬಿದ್ದದ್ದು 2024ರ ಆಗಸ್ಟ್ 7ರಂದು, ಪ್ಯಾರಿಸ್‌ನ ಬೇಸಿಗೆಯಲ್ಲಿ, ಐಫೆಲ್ ಗೋಪುರದ ಎದುರಿನಲ್ಲಿ. ಸರಿಯಾಗಿ ಮೂವತ್ತು ತಿಂಗಳು. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಇಂಥ ಸಮಯಪಾಲನೆಯನ್ನು ಹೊಗಳದಿದ್ದರೆ ನಾವು ಕೃತಘ್ನರಾಗುತ್ತೇವೆ. ಕಾದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಆಗಿನ ಅಧ್ಯಕ್ಷ ಥಾಮಸ್ ಬಾಖ್ ಅವರು ಒಲಿಂಪಿಕ್ ಜ್ಯೋತಿಯ ದೀವಟಿಗೆಗಳನ್ನು ಕೊಡಲು ಮುಂದಾದದ್ದೂ ಉಂಟು. ಪದಕ ಹುಡುಕಲು ಬೆಳಕಾದರೂ ಇರಲಿ ಎಂದಿರಬೇಕು.

ಬೀಜಿಂಗ್‌ನಲ್ಲಿ ಮೊದಲು ಬಂದಿದ್ದ ರಷ್ಯಾ ತಂಡದ ಕಮೀಲಾ ವಲಿಯೆವಾಳ ಮಾದರಿಯನ್ನು ಉದ್ದೀಪನ ಮದ್ದಿನ ಪರೀಕ್ಷೆಗೆ ತೆಗೆದುಕೊಂಡದ್ದು 2021ರ ಡಿಸೆಂಬರ್ 25ರಂದು. ಫಲಿತಾಂಶ ಸ್ಟಾಕ್‌ಹೋಮ್‌ನ ಪ್ರಯೋಗಾಲಯದಿಂದ ಹೊರಬಿದ್ದದ್ದು ತಂಡ ಸ್ಪರ್ಧೆ ಮುಗಿದ ಮೇಲೆ. ಸಿಕ್ಕಿದ್ದು ಟ್ರೈಮೆಟಾಜಿಡಿನ್ ಎಂಬ, ಕ್ರೀಡೆಯಲ್ಲಿ ನಿಷೇಧಿತವಾದ ಹೃದ್ರೋಗದ ಔಷಧ. ಅಜ್ಜನ ಲೋಟದಿಂದ ಬಂದಿರಬೇಕು ಎಂಬುದು ಮೊದಲ ವಿವರಣೆಯಾದರೆ, ಪ್ರಕರಣ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ಕಟ್ಟೆ ಹತ್ತುವಷ್ಟರಲ್ಲಿ ಅದು ಅಜ್ಜ ಮಾಡಿಕೊಟ್ಟ ಸ್ಟ್ರಾಬೆರಿ ಸಿಹಿತಿಂಡಿಯಾಗಿತ್ತು. ಮಾತ್ರೆ ಪುಡಿ ಮಾಡಿದ ಮಣೆಯ ಮೇಲೆಯೇ ಹಣ್ಣನ್ನೂ ಹೆಚ್ಚಿರಬಹುದಂತೆ. ಮೊಮ್ಮಗಳಿಗೆ ಪ್ರೀತಿಯಿಂದ ಏನೋ ಮಾಡಿಕೊಟ್ಟ ಅಜ್ಜನ ಅಡುಗೆಮನೆಯ ಮಣೆ ಅಂತಾರಾಷ್ಟ್ರೀಯ ತೀರ್ಪೊಂದರಲ್ಲಿ ಸ್ಥಾನ ಪಡೆದದ್ದು ಸಾಮಾನ್ಯ ಸಾಧನೆಯಲ್ಲ. ರಷ್ಯಾದ ಶಿಸ್ತು ಮಂಡಳಿಯಂತೂ ಹುಡುಗಿಯದೇನೂ ತಪ್ಪಿಲ್ಲವೆಂದು, ಡಿಸೆಂಬರ್ 25ರ ಆ ಒಂದು ದಿನದ ಫಲಿತಾಂಶವನ್ನು ಮಾತ್ರ ರದ್ದುಪಡಿಸಿ ಕೈತೊಳೆದುಕೊಂಡಿತು.

ಇಲ್ಲಿ ಭೂಗೋಳದ ಒಂದು ಮಾತು. ಐಒಸಿ ಇರುವುದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ. ಸ್ಕೇಟಿಂಗ್ ಒಕ್ಕೂಟವಾದ ಐಎಸ್‌ಯು ಇರುವುದು ಲೊಸಾನ್‌ನಲ್ಲಿ. ಕ್ರೀಡಾ ನ್ಯಾಯಾಲಯವೂ ಲೊಸಾನ್‌ನಲ್ಲೇ. ಸರೋವರದ ದಂಡೆಯ ಒಂದೇ ಊರಿನಲ್ಲಿ, ಸಂಜೆ ವಾಯುವಿಹಾರಕ್ಕೆ ಹೋದವರು ಕಡತವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬರಬಹುದಾದಷ್ಟು ದೂರದಲ್ಲಿ ಇರುವ ಕಚೇರಿಗಳಿವು.

ನಗುವುದಕ್ಕೂ ಒಂದು ಮಿತಿಯಿದೆ. ವಲಿಯೆವಾಳಿಗೆ ಆಗ ಹದಿನೈದು ವರ್ಷ. ಅವಳು ಮೊದಲ ಮೂವರಲ್ಲಿ ಬಂದರೆ ಪದಕ ಪ್ರದಾನವನ್ನೇ ಮಾಡುವುದಿಲ್ಲವೆಂದು ಮೊದಲೇ ಸಾರಿ, ಆಮೇಲೆ ಅವಳನ್ನು ವೈಯಕ್ತಿಕ ಸ್ಪರ್ಧೆಯ ಮಂಜುಗಡ್ಡೆಗೆ ಇಳಿಸಿದರು. ಅವಳು ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ನಾಲ್ಕನೆಯವಳಾದಳು. ಸಮಾರಂಭ ಸಾಂಗವಾಗಿ ನಡೆಯಿತು. ಅಳುತ್ತಾ ಹೊರಬಂದವಳನ್ನು ಅವಳ ತರಬೇತುದಾರರು ಕೇಳಿದ್ದು ಹೋರಾಟವನ್ನು ಏಕೆ ಕೈಬಿಟ್ಟೆ ಎಂದು, ಕ್ಯಾಮೆರಾದ ಎದುರಿಗೇ. ಆ ಮಾತ್ರೆ ಮಗುವಿನ ಮೈಗೆ ಹೇಗೆ ಸೇರಿತೆಂದು ಹೇಳಬೇಕಾದ ದೊಡ್ಡವರು ಸುತ್ತಲೂ ಇದ್ದರು. ನಾಲ್ಕು ವರ್ಷದ ನಿಷೇಧ ಬಂದದ್ದು ಅವಳ ಹೆಸರಿಗೆ.

ಇನ್ನು ಲೆಕ್ಕ. 2024ರ ಜನವರಿಯಲ್ಲಿ ನಿಷೇಧ ವಿಧಿಸಿದ ಕ್ರೀಡಾ ನ್ಯಾಯಾಲಯದ ತೀರ್ಪು ಬಂದೊಡನೆ ಐಎಸ್‌ಯು ಹೊಸ ಪಟ್ಟಿ ಹಾಕಿತು. ರಷ್ಯಾದ 74 ಅಂಕಗಳಲ್ಲಿ ವಲಿಯೆವಾ ಎರಡು ಸುತ್ತುಗಳಲ್ಲಿ ಮೊದಲಿಗಳಾಗಿ ತಂದ 20 ಹೋಗಿ 54 ಉಳಿಯಿತು, ಕೆನಡಾದ್ದು 53. ಕಂಚು ರಷ್ಯಾಕ್ಕೆ. ಮೊದಲಿಗಳನ್ನು ತೆಗೆದ ಮೇಲೆ ಹಿಂದಿನವರು ಒಂದೊಂದು ಸ್ಥಾನ ಮೇಲೇರಬೇಕು, ಸ್ಥಾನಕ್ಕೊಂದರಂತೆ ಎರಡು ಅಂಕ ಸೇರಿ ಕೆನಡಾ 55 ಆಗಬೇಕು ಎಂಬುದು ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಯಾರಿಗಾದರೂ ಹೊಳೆಯುವ ವಿಷಯ. ಲೊಸಾನ್‌ಗೆ ಹೊಳೆಯಲಿಲ್ಲ, ಕೆನಡಾದ ಮೇಲ್ಮನವಿಯೂ ವಜಾ ಆಯಿತು. ಆ ಎರಡು ಸುತ್ತುಗಳಲ್ಲೂ ಕೆನಡಾದ ಮ್ಯಾಡೆಲೀನ್ ಶಿಜಾಸ್ ಅವರ ಮುಂದಿದ್ದವರು ಇಬ್ಬರೇ. ಆ ಇಬ್ಬರಲ್ಲಿ ಒಬ್ಬಳನ್ನು ಅಳಿಸಿದ ಮೇಲೂ ಅವರು ಮೂರನೆಯವರೇ.