ಜಾನ್ಸನ್ ಅವರ ಕೆಳ ನ್ಯಾಯಾಲಯದ ವರ್ಷಗಳು

ಅಮೆರಿಕದ ಅಲಬಾಮಾ ರಾಜ್ಯದ ನ್ಯಾಯಾಧೀಶ ಫ್ರ್ಯಾಂಕ್ ಜಾನ್ಸನ್ ಬಗ್ಗೆ ಕನ್ನಡದಲ್ಲಿ ಲೇಖನ ಬರೆದಿದ್ದಕ್ಕೆ ಧನ್ಯವಾದ. ಆದರೆ ಲೇಖನದ ಬಹುಪಾಲು 1979ರಲ್ಲಿ ಅವರು ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋದ ನಂತರದ ಕಥೆಗೇ ಮೀಸಲಾಗಿದೆ. ನನ್ನ ಪ್ರಕಾರ ಅವರ ನಿಜವಾದ ಎದೆಗಾರಿಕೆ ಕಾಣುವುದು ಅದಕ್ಕೂ ಮುಂಚೆ, ಮಾಂಟ್‌ಗೊಮೆರಿಯ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ. 1956ರಲ್ಲಿ ಬಸ್ಸುಗಳಲ್ಲಿನ ವರ್ಣಭೇದ ಸಂವಿಧಾನಬಾಹಿರ ಎಂದು ಮೂವರ ಪೀಠ 2-1 ಬಹುಮತದಲ್ಲಿ ತೀರ್ಪು ಕೊಟ್ಟಾಗ, ಆ ಬಹುಮತದಲ್ಲಿ ಒಬ್ಬರಾಗಿದ್ದ ಅವರಿಗಿನ್ನೂ 37 ವರ್ಷ. 1965ರಲ್ಲಿ ಸೆಲ್ಮಾ ಮೆರವಣಿಗೆಗೆ (ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿನಿಂದ ಮಾಂಟ್‌ಗೊಮೆರಿಗೆ ನಡೆದ ಕಾಲ್ನಡಿಗೆ) ಅವರು ಅನುಮತಿ ಕೊಟ್ಟ ಆದೇಶವನ್ನಂತೂ ಕಾನೂನು ವಿದ್ಯಾರ್ಥಿಗಳು ಓದಲೇಬೇಕು: ಅನ್ಯಾಯ ಎಷ್ಟು ಘೋರವೋ ಪ್ರತಿಭಟಿಸುವ ಹಕ್ಕೂ ಅಷ್ಟೇ ವಿಸ್ತಾರವಾಗಿರಬೇಕು ಅನ್ನುವುದು ಅದರ ತಿರುಳು. ಜೊತೆಗೇ, ಹೆದ್ದಾರಿಯಲ್ಲಿ ಎರಡೇ ಲೇನ್ ಇರುವ ಕಡೆ 300 ಜನರಿಗಿಂತ ಹೆಚ್ಚು ನಡೆಯುವಂತಿಲ್ಲ ಎಂಬ ಷರತ್ತೂ ಇತ್ತು. ಹಕ್ಕಿನ ಜೊತೆ ರಸ್ತೆಯ ಲೆಕ್ಕವನ್ನೂ ಹಾಕಿದವರು ಅವರು! ಇದಕ್ಕೆ ತೆತ್ತ ಬೆಲೆ ಕಡಿಮೆಯಲ್ಲ. 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಇಟ್ಟರು, ಪುಣ್ಯಕ್ಕೆ ಆಕೆಗೆ ಏನೂ ಆಗಲಿಲ್ಲ. ಜಾನ್ಸನ್ ಅವರನ್ನು ಬಹಿರಂಗವಾಗಿ ಜರೆಯುತ್ತಿದ್ದ, ವರ್ಣಭೇದದ ಪರವಾಗಿದ್ದ ಅಲಬಾಮಾದ ಗವರ್ನರ್ ಜಾರ್ಜ್ ವ್ಯಾಲೇಸ್ ಕಾನೂನು ಕಾಲೇಜಿನಲ್ಲಿ ಅವರ ಸಹಪಾಠಿ. ಮಾನಸಿಕ ಆಸ್ಪತ್ರೆಗಳ ರೋಗಿಗಳಿಗೆ ಚಿಕಿತ್ಸೆಯ ಹಕ್ಕಿದೆ ಎಂದ 1971ರ ತೀರ್ಪಿನ ಬಗ್ಗೆಯೂ ದಯವಿಟ್ಟು ಇನ್ನೊಂದು ಲೇಖನ ಬರೆಯಿರಿ.