ಮೂರು ಟನ್ ಬಾಯ್ಲರ್ ಅಂದರೆ ನಿಜಕ್ಕೂ ಎಷ್ಟು?

ದಾವಣಗೆರೆ, ಹರಿಹರದ ಕಡೆ ರೈಸ್ ಮಿಲ್‌ನವರನ್ನು ಬಾಯ್ಲರ್ ಎಷ್ಟರದು ಅಂತ ಕೇಳಿದರೆ ‘ಮೂರು ಟನ್’ (ಗಂಟೆಗೆ ಮೂರು ಟನ್ ಹಬೆ) ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ನಾನಿರುವ ಅಮೆರಿಕದಲ್ಲಿ ಮನೆ ಬೆಚ್ಚಗಿಡುವ ಪುಟ್ಟ ಬಾಯ್ಲರಿಗೂ ಮೂರು ಅಂಕಿ ಕೊಡುತ್ತಾರೆ: ಇನ್‌ಪುಟ್ (ಉರಿಸುವ ಇಂಧನದ ಶಾಖ), ಔಟ್‌ಪುಟ್ (ಬಾಯ್ಲರ್ ಹೊರಗೆ ಕೊಡುವ ಶಾಖ), ನೆಟ್ (ಕೋಣೆಗಳಿಗೆ ಸಿಗುವ ಶಾಖ). ಅವರ ಯೂನಿಟ್‌ಗಳು ತಲೆ ಕೆಡಿಸುತ್ತವೆ, ನಿಜ. ಆದರೆ ಹೀಗೆ ಬಿಡಿಸಿ ಬರೆಯುವ ಪದ್ಧತಿ ನಮ್ಮ ಕಡೆಯೂ ಬರಬೇಕು.

ನಮ್ಮ ಕೊಟೇಶನ್‌ನಲ್ಲಿ ಟನ್ ಪಕ್ಕ ಸಣ್ಣ ಅಕ್ಷರದಲ್ಲಿ ‘ಎಫ್ ಅಂಡ್ ಎ 100’ (ಫ್ರಮ್ ಅಂಡ್ ಅಟ್ 100) ಅಂತಿರುತ್ತದೆ. 100 ಡಿಗ್ರಿಯ ನೀರು 100 ಡಿಗ್ರಿಯ ಹಬೆಯಾಗುವ ಲೆಕ್ಕ ಅದು. ಕೆಜಿಗೆ 540 ಕಿಲೋಕ್ಯಾಲರಿ ಸಾಕು. ಮಿಲ್ಲಿನಲ್ಲಿ ಬಾಯ್ಲರಿಗೆ ನೀರುಣಿಸುವ ಫೀಡ್ ಟ್ಯಾಂಕಿಗೆ ಬರುವುದು ಸುಮಾರು 30 ಡಿಗ್ರಿಯ ಬೋರ್ ನೀರು, ಪ್ರೆಶರ್ ಚದರ ಸೆಂಟಿಮೀಟರಿಗೆ 10.5 ಕೆಜಿ. ಆಗ ಕೆಜಿ ಹಬೆಗೆ ಸುಮಾರು 635 ಕಿಲೋಕ್ಯಾಲರಿ ಬೇಕು. ಹಾಗಾಗಿ ಮೂರು ಟನ್ ಅನ್ನುವುದು ಗಂಟೆಗೆ 2.55 ಟನ್ನಿಗೆ ಇಳಿಯುತ್ತದೆ. ಮೂರಕ್ಕೆ ಮೂರು ಎಳೆಯಲು ಹೋದರೆ ಪ್ರೆಶರ್ ಬೀಳುತ್ತದೆ, ಹಬೆಯ ಜೊತೆ ನೀರೂ ಹಾರಿ ಬರುತ್ತದೆ, ಭತ್ತ ಸರಿಯಾಗಿ ಬೇಯದೆ ಅಕ್ಕಿಯ ನಡುವೆ ಬಿಳಿ ಉಳಿಯುತ್ತದೆ. ಬೈಯಿಸಿಕೊಳ್ಳುವವನು ಮಾತ್ರ ಬಾಯ್ಲರ್ ಅಟೆಂಡೆಂಟ್! ಭತ್ತಕ್ಕೆ ನೇರ ಬಿಟ್ಟ ಹಬೆ ವಾಪಸ್ ಬರುವುದಿಲ್ಲ. ಡ್ರೈಯರ್ ಕಾಯಿಲಿನ ಕಂಡೆನ್ಸೇಟನ್ನಾದರೂ (ಹಬೆ ತಣಿದು ಆದ ಬಿಸಿ ನೀರು) ಟ್ಯಾಂಕಿಗೆ ತಿರುಗಿಸಿ ಫೀಡ್ ನೀರನ್ನು 80 ಡಿಗ್ರಿಗೆ ತಂದರೆ ಅದೇ ಬಾಯ್ಲರ್ 2.77 ಟನ್ ಕೊಡುತ್ತದೆ.

ಅಮೆರಿಕದ ಲೆಕ್ಕ ಕೋಣೆ ಬೆಚ್ಚಗಿಡುವ ರೇಡಿಯೇಟರಿನಿಂದ ಶುರುವಾಗುತ್ತದೆ. ರೇಡಿಯೇಟರ್ ಕೊಡುವ ಶಾಖವನ್ನು ಅಲ್ಲಿ ‘ಇಡಿಆರ್’ ಅನ್ನುವ ಚದರಡಿಯಲ್ಲಿ ಅಳೆಯುತ್ತಾರೆ; ಹಬೆಯದಾದರೆ ಅಂಥ ಒಂದು ಚದರಡಿಗೆ ಗಂಟೆಗೆ 240 ಬಿಟಿಯು (ಅವರ ಶಾಖದ ಯೂನಿಟ್). ಮನೆಯಲ್ಲಿ ಒಟ್ಟು 350 ಚದರಡಿ ಇದ್ದರೆ 84,000 ಬಿಟಿಯು, ಇದು ನೆಟ್. ಪೈಪು ಬಿಸಿಯಾಗುವುದಕ್ಕೆ ಅಂತ 1.33ರಿಂದ ಗುಣಿಸಿದರೆ ಔಟ್‌ಪುಟ್ 1,12,000. ದಕ್ಷತೆ ಶೇ 82 ಆದರೆ ಇನ್‌ಪುಟ್ ಸುಮಾರು 1,37,000. ಇನ್‌ಪುಟ್ಟನ್ನೇ 84,000ಕ್ಕೆ ಹೊಂದಿಸಿ ತಂದರೆ ಕೊನೆಯ ಕೋಣೆ ತಣ್ಣಗೇ ಇರುತ್ತದೆ.

ಇನ್ನು ಅಕ್ಷರಗಳ ಗೊಂದಲ. ‘ಎಂಬಿಎಚ್’ ಅಂದರೆ ಗಂಟೆಗೆ ಸಾವಿರ ಬಿಟಿಯು; ಅದರ ಎಂ ಅಂದರೆ ಸಾವಿರ, ಮಿಲಿಯನ್ ಅಲ್ಲ, ಮಿಲಿಯನ್‌ಗೆ ಎರಡು ಎಂ. 100 ಎಂಬಿಎಚ್ ಅಂದರೆ ಗಂಟೆಗೆ 25,200 ಕಿಲೋಕ್ಯಾಲರಿ, 29.3 ಕಿಲೋವ್ಯಾಟ್. ಗ್ಯಾಸ್ ಬಿಲ್ಲಿನ ‘ಥರ್ಮ್’ ಸರಿಯಾಗಿ ಒಂದು ಲಕ್ಷ ಬಿಟಿಯು, ನಮಗೆ ಸಲೀಸು. ಬಾಯ್ಲರಿನ ‘ಬಿಎಚ್‌ಪಿ’ (ಬಾಯ್ಲರ್ ಹಾರ್ಸ್‌ಪವರ್) ಮೋಟಾರಿನ ಎಚ್‌ಪಿ ಅಲ್ಲ: ಮೋಟಾರಿನದು 0.746 ಕಿಲೋವ್ಯಾಟ್, ಇದು 9.81. ನಮ್ಮ ಒಂದು ಟನ್ನಿಗೆ ಇಂಥವು 64. ‘ಐಬಿಆರ್’ ಅಂತೂ ನಮ್ಮಲ್ಲಿ 1950ರ ಬಾಯ್ಲರ್ ನಿಯಮಾವಳಿ, ಅಮೆರಿಕದಲ್ಲಿ ಮನೆ ಬಾಯ್ಲರಿನ ಹಳೆಯ ರೇಟಿಂಗ್ ಪದ್ಧತಿ. ಅಮೆರಿಕದ ಐಬಿಆರ್ ಗುರುತು ನೋಡಿ ನಮ್ಮ ಬಾಯ್ಲರ್ ಇನ್‌ಸ್ಪೆಕ್ಟರ್ ಸುಮ್ಮನಾಗುವುದಿಲ್ಲ.

ಮಿಲ್ಲಿನವರು ಕೊಟೇಶನ್‌ನಲ್ಲಿ ಬರೆಸಿಕೊಳ್ಳಬೇಕಾದ್ದು ಇಷ್ಟು: ನಮ್ಮ ಫೀಡ್ ನೀರಿನ ಬಿಸಿಯಲ್ಲಿ, ನಮ್ಮ ಪ್ರೆಶರಿನಲ್ಲಿ ಗಂಟೆಗೆ ಎಷ್ಟು ಕೆಜಿ ಹಬೆ, ಅದಕ್ಕೆ ಎಷ್ಟು ಕೆಜಿ ಹೊಟ್ಟು. ಮೂರು ಟನ್ ಅಂದರೆ ಗಂಟೆಗೆ 16.2 ಲಕ್ಷ ಕಿಲೋಕ್ಯಾಲರಿ. ದಕ್ಷತೆ ಶೇ 75, ಹೊಟ್ಟಿನ ಶಾಖ ಕೆಜಿಗೆ 3,000 ಕಿಲೋಕ್ಯಾಲರಿ ಹಿಡಿದರೆ ಗಂಟೆಗೆ 720 ಕೆಜಿ ಉರಿಯುತ್ತದೆ. ದಕ್ಷತೆಯನ್ನು ಜಿಸಿವಿ (ಹೊಟ್ಟಿನ ಒಟ್ಟು ಶಾಖ) ಮೇಲೆ ಹೇಳಿದ್ದಾರೋ ಎನ್‌ಸಿವಿ (ಹೊಗೆಯ ಜೊತೆ ಹೋಗುವ ನೀರಾವಿಯ ಶಾಖ ಕಳೆದು ಉಳಿದದ್ದು) ಮೇಲೋ ಅಂತಲೂ ಕೇಳಿ. ಎನ್‌ಸಿವಿ ಹಿಡಿದರೆ ಅದೇ ಬಾಯ್ಲರಿನ ಶೇಕಡಾ ಕೂತಲ್ಲೇ ಏರುತ್ತದೆ, ಹೊಟ್ಟು ಒಂದು ಬುಟ್ಟಿಯೂ ಉಳಿಯುವುದಿಲ್ಲ.