ಇದೊಂದು ಹಾಕಿದ್ರ ಮುಗೀತ್ರಿ

ಜಾಲಿ ಗಿಡ ಟ್ರ್ಯಾಕ್ಟರಿನ ಸ್ಟೇರಿಂಗ್ ಒಳಗಿಂದಲೇ ಬೆಳೆದು ಬಂದಿತ್ತು. ಪಕ್ಕದಲ್ಲಿ ಅಲ್ಲ. ಚಕ್ರದ ಕಡ್ಡಿಗಳ ನಡುವೆ ತಲೆ ತೂರಿಸಿ, ಸೀಟಿನ ಮೇಲೆ ನೆರಳು ಹಾಕಿ, ಡ್ರೈವರ್ ನಾನೇ ಅನ್ನುವ ಹಾಗೆ ನಿಂತಿತ್ತು. ಇಂಡಿ ಕಡೆ ನಮ್ಮದು ಮೂರು ಎಕರೆ ಲಿಂಬೆ ತೋಟ. ಅದರಾಚೆಯ ಬದುವಿನ ಮೇಲೆ ಈ ಸಣ್ಣ ಟ್ರ್ಯಾಕ್ಟರ್ ಏಳು ವರ್ಷದಿಂದ ಕೂತೇ ಇತ್ತು. ಬಾನೆಟ್ ಮೇಲಿನ ಹೆಸರನ್ನು ಬಿಸಿಲು ತಿಂದು ಹಾಕಿತ್ತು.

ಒಂದು ಭಾನುವಾರ ಮೋಡ್ಕಾದವನು, ಅಂದರೆ ಗುಜರಿಯವನು ಬಂದ. ಅದರ ಸುತ್ತ ಎರಡು ಸುತ್ತು ಹಾಕಿ, ಟೈರಿಗೆ ಒಂದು ಒದ್ದು, ‘ಎಂಟು ನೂರು ಕಿಲೋ ಆಗ್ತದ’ ಅಂದ. ಕಿಲೋಗೆ 30 ರೂಪಾಯಿ. ಅಂದರೆ 24,000. ಟ್ರ್ಯಾಕ್ಟರಿನ ಮಾಲೀಕರು ತಲೆ ಆಡಿಸುವಷ್ಟರಲ್ಲಿ ನನ್ನ ಬಾಯಿಂದ ‘25,000’ ಅಂತ ಬಂದುಬಿಟ್ಟಿತು. ಯಾಕೆ ಬಂತೋ ಈಗಲೂ ಗೊತ್ತಿಲ್ಲ. ಮೋಡ್ಕಾದವನು ನನ್ನನ್ನು ಕನಿಕರದಿಂದ ನೋಡಿ ಗಾಡಿ ತಿರುಗಿಸಿದ.

ವಿಜಯಪುರದವರಿಗೆ ಕಬ್ಬಿಣ, ಕಂಚಿನ ವಿಷಯದಲ್ಲಿ ಇಂಥ ಹುಚ್ಚು ಸ್ವಲ್ಪ ಇರಬೇಕು. ಶೆರ್ಜಾ ಬುರುಜಿನ ಮೇಲೆ ಮಲಗಿರುವ ಮಾಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ. ಅದನ್ನು 1854ರಲ್ಲಿ ಹರಾಜಿಗಿಟ್ಟಿದ್ದರು. ಸಿಕ್ಕ ಬೆಲೆ 150 ರೂಪಾಯಿ! ಲೆಕ್ಕ ಹಾಕಿದರೆ ಒಂದು ರೂಪಾಯಿಗೆ 366 ಕಿಲೋ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಬಾಲ್ಯದಲ್ಲಿ ಅದರ ಬಾಯಿಯೊಳಗೆ ಕೈ ಹಾಕಿ ನೋಡಿದವರಿಗೆ ಮೋಡ್ಕಾ ದರ ಅಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಇದನ್ನೇ ಮನೆಯಲ್ಲಿ ಹೇಳಿದೆ. ‘ಅದು ತೋಪು, ಇದು ಟೋಪಿ’ ಅಂದಳು ಮಗಳು.

ಅವ್ವ ಮಾತ್ರ ಗಂಭೀರವಾಗಿ ವಿಚಾರಿಸಿದಳು. ‘ಸಿದ್ಧೇಶ್ವರ ಜಾತ್ರ್ಯಾಗ ನಿಮ್ಮಪ್ಪ ಎತ್ತಿನ ಹಲ್ಲ ನೋಡಿ ತರ್ತಿದ್ರು. ನೀ ಏನ್ ನೋಡಿ ತಂದಿ?’ ಒಳ್ಳೆಯ ಪ್ರಶ್ನೆ. ಎತ್ತಿನ ವಯಸ್ಸಿಗೆ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಗೂಡಿದ್ದು ಅಂತ ಲೆಕ್ಕ ಇದೆ. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಾರೆ. ಟ್ರ್ಯಾಕ್ಟರಿನ ಬಾಯಿ ತೆರೆದು ನೋಡಲು ನನಗೆ ಬರುತ್ತಿರಲಿಲ್ಲ.

ಬರುವವರನ್ನು ಕರೆತಂದೆ. ನಮ್ಮ ಮಿಸ್ತ್ರಿಗೆ ಅರವತ್ತು ದಾಟಿದೆ, ಮಾತು ಕಡಿಮೆ. ಬಂದವರೇ ಡಿಪ್ ಸ್ಟಿಕ್ ಎಳೆದು, ಆಯಿಲ್ ಅನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿದರು. ಕಪ್ಪಗಿತ್ತು. ‘ಹಾಲಿನಂಗ ಬೆಳ್ಳಗಿಲ್ಲ. ಅಂದ್ರ ನೀರ್ ಒಳಗ ಇಳಿದಿಲ್ಲ. ಬದುಕತದ’ ಅಂದರು. ಅವ್ವನಿಗೆ ಉತ್ತರ ಸಿಕ್ಕಿತು. ಇದೇ ಟ್ರ್ಯಾಕ್ಟರಿನ ಹಲ್ಲು.

ಲಿಂಬೆ ತೋಟಕ್ಕೆ ದೊಡ್ಡ ಟ್ರ್ಯಾಕ್ಟರ್ ತಂದರೆ ಉಳುಮೆಗಿಂತ ಕೊಂಬೆ ಮುರಿದದ್ದೇ ಜಾಸ್ತಿ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ, ಚಪ್ಪರದ ಕೆಳಗೆ ತಲೆ ತಗ್ಗಿಸಿ ಓಡುವುದು ಈ ಮರಿಗಳೇ. ನಮ್ಮದು ಮೂರು ಸಿಲಿಂಡರ್, 18 ಅಶ್ವಶಕ್ತಿ. ಹೊಸದಕ್ಕೆ ಲಕ್ಷಗಳಲ್ಲಿ ಮಾತು. ಹಾಗಾಗಿ ಎರಡು ರೂಪಾಯಿಯ ಪೆನ್ನು, ಹತ್ತು ರೂಪಾಯಿಯ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ‘ರಿಪೇರಿ: 15,000ಕ್ಕೆ ಮೀರಕೂಡದು’ ಅಂತ ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಇಂಜಿನ್ ಜಾಮ್ ಆಗಿತ್ತು. ಫ್ಯಾನ್ ಹಿಡಿದು ತಿರುಗಿಸಿದರೆ ಗೋಡೆ ತಳ್ಳಿದ ಹಾಗೆ. ಮಿಸ್ತ್ರಿ ಸಿಲಿಂಡರಿಗೆ ಡೀಸೆಲ್ ಚಿಮ್ಮುವ ಮೂರೂ ನಾಝಲ್ ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಸುರಿದರು. ‘ಐದು ದಿನ ಮುಟ್ಟಬ್ಯಾಡ್ರಿ’ ಅಂದು ಹೊರಟುಹೋದರು. ಐದು ದಿನವೂ ಹೋಗಿ ನೋಡಿದೆ. ನೋಡಲು ಏನೂ ಇರಲಿಲ್ಲ. ಆರನೆಯ ದಿನ ಟಾಪ್ ಗೇರಿಗೆ ಹಾಕಿ, ನಾಲ್ಕು ಜನ ಹಿಂದೆ ಮುಂದೆ ತೂಗಿದೆವು. ಮೊದಲು ಕೂದಲೆಳೆಯಷ್ಟು. ಆಮೇಲೆ ಅರ್ಧ ಅಂಗುಲ. ಆಮೇಲೆ ಒಳಗೆಲ್ಲೋ ‘ಕರ್’ ಅಂತ ಸದ್ದಾಗಿ, ಇಡೀ ಇಂಜಿನ್ ಒಂದು ಸುತ್ತು ಹೊರಳಿತು. ದೊಡ್ಡ ನಿದ್ದೆಯಿಂದ ಎದ್ದವರು ಮಗ್ಗುಲು ಬದಲಿಸಿದ ಹಾಗೆ.

ಏರ್ ಕ್ಲೀನರಿನಲ್ಲಿ ಇಲಿಯ ಸಂಸಾರ ಸಿಕ್ಕಿತು. ಸೈಲೆನ್ಸರಿನಲ್ಲಿ ಕಣಜದ ಮಣ್ಣಿನ ಮನೆ. ಡೀಸೆಲ್ ಟ್ಯಾಂಕಿನೊಳಗೆ ಬರೀ ತುಕ್ಕು. ಹೊಸ ಟ್ಯಾಂಕ್ ಯಾಕೆ? ಎತ್ತಿನ ಹಳೆಯ ಸರಪಳಿ ಅಟ್ಟದ ಮೇಲಿತ್ತು. ಅದನ್ನು ಟ್ಯಾಂಕಿನೊಳಗೆ ಬಿಟ್ಟು, ಒಂದು ಲೀಟರ್ ಡೀಸೆಲ್ ಹಾಕಿ, ಬಾಯಿ ಮುಚ್ಚಿ, ಮಗಳೂ ನಾನೂ ಒಂದು ತಾಸು ಅಲ್ಲಾಡಿಸಿದೆವು. ಚಹಾದಂಥ ಡೀಸೆಲ್ ಹೊರಬಂತು. ನಾಲ್ಕು ಸಲ ಮಾಡಿದ ಮೇಲೆ ಸ್ವಚ್ಛ. ಆಯಿಲ್ ಸೋರದಂತೆ ಸೈಡ್ ಕವರಿನ ಕೆಳಗೆ ಇಡುವ ಗ್ಯಾಸ್ಕೆಟ್ಟನ್ನೂ ಮಿಸ್ತ್ರಿ ಅಂಗಡಿಯಿಂದ ತರಿಸಲಿಲ್ಲ. ಕವರಿನ ಮೇಲೆ ಶೀಟ್ ಇಟ್ಟು ಅಂಚಿನುದ್ದಕ್ಕೂ ಗುಂಡು ಸುತ್ತಿಗೆಯಿಂದ ಟಕ ಟಕ ತಟ್ಟಿದರು. ರೊಟ್ಟಿ ಬಡಿಯುವ ಲಯ. ಕಬ್ಬಿಣದ ಅಂಚೇ ಶೀಟನ್ನು ಕತ್ತರಿಸಿ ಕೊಟ್ಟಿತು.

ಎಲ್ಲದರಲ್ಲೂ ಹೀಗೆ ಉಳಿಸಬಹುದು ಅಂದುಕೊಂಡಿದ್ದು ನನ್ನ ತಪ್ಪು. ಡೀಸೆಲ್ ಫಿಲ್ಟರನ್ನು ಸಸ್ತಾದ್ದು ತಂದೆ. ಮಿಸ್ತ್ರಿ ಅದನ್ನು ಕೈಯಲ್ಲಿ ಹಿಡಿದು, ಮಾತಾಡದೆ, ನನ್ನ ಅಂಗಿ ಜೇಬಿಗೇ ವಾಪಸು ಇಟ್ಟರು. ಪಂಪಿಗೆ ಒಂದು ಕಣ ಕಸ ಹೋದರೂ ಹಣದ ಲೆಕ್ಕ ಬೇರೆಯಾಗುತ್ತದೆ ಅಂತ ಆಮೇಲೆ ತಿಳಿಯಿತು. ಬ್ರೇಕಿನಲ್ಲೂ ಅಷ್ಟೇ, ಜಿಪುಣತನ ಬೇಡ. ವೈರಿಂಗ್ ಕತೆ ಬಿಡಿ, ಅದನ್ನು ನೆನಪಿಸಿಕೊಂಡರೆ ಊಟ ಸೇರುವುದಿಲ್ಲ.

ಪ್ರತಿ ಸಲವೂ ಮಿಸ್ತ್ರಿ ಒಂದೇ ಮಾತು ಹೇಳುತ್ತಿದ್ದರು. ‘ಇದೊಂದು ಹಾಕಿದ್ರ ಮುಗೀತ್ರಿ.’ ರೇಡಿಯೇಟರ್ ಪೈಪಿಗೂ ಇದೇ ಮಾತು, ಕ್ಲಚ್ ಪ್ಲೇಟಿಗೂ ಇದೇ ಮಾತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆಯಾ ದಿನಕ್ಕೆ ಅದು ನಿಜವೇ ಆಗಿರುತ್ತಿತ್ತು. ನಾನೂ ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ‘ಕೊನೆಯ ಖರ್ಚು’ ಅಂತಲೇ ಬರೆದೆ. ಹನ್ನೊಂದು ಕೊನೆಯ ಖರ್ಚುಗಳಾದವು. ಬ್ಯಾಟರಿ ತಂದ ದಿನ 15,000 ದಾಟಿತು. ಮೊದಲ ಪುಟದ ‘ಮೀರಕೂಡದು’ ಅನ್ನುವುದರ ಪಕ್ಕದಲ್ಲಿ ಮಗಳು ‘ಮೀರಿದೆ’ ಅಂತ ಬರೆದಿಟ್ಟಿದ್ದಳು.

ಅಷ್ಟಾದರೂ ಅದು ಸ್ಟಾರ್ಟ್ ಆಗಲಿಲ್ಲ. ಗರ್ ಗರ್ ಅಂತ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ‘ಏರ್ ಹಿಡದದ’ ಅಂದರು ಮಿಸ್ತ್ರಿ. ಡೀಸೆಲ್ ಇಂಜಿನ್‌ಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಹೆಚ್ಚುಕಮ್ಮಿ 20 ಪಟ್ಟು ಹಿಂಡುತ್ತದೆ. ಆ ಗಾಳಿ ಕಾದು ಕೆಂಡವಾಗಿರುವಾಗ ಡೀಸೆಲ್ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಡೀಸೆಲ್ ಪೈಪಿನಲ್ಲಿ ಒಂದು ಗುಳ್ಳೆ ಇದ್ದರೂ ಸಾಕು. ಪಂಪು ಎಷ್ಟು ಒತ್ತಿದರೂ ಗುಳ್ಳೆ ಕುಗ್ಗಿಕೊಂಡು ಸುಮ್ಮನಿರುತ್ತದೆ. ಒತ್ತಡ ನಾಝಲ್ ತನಕ ಮುಟ್ಟುವುದೇ ಇಲ್ಲ. ನಮ್ಮ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ?

ಫಿಲ್ಟರಿನ ಬೋಲ್ಟ್ ಸಡಿಲಿಸಿ ಕೈಪಂಪು ಒತ್ತಿದೆವು. ನೊರೆ ನೊರೆಯಾಗಿ ಬಂತು. ನೊರೆ ನಿಂತು ಧಾರೆ ಬಂದ ಮೇಲೆ ಬಿಗಿ ಮಾಡಿದೆವು. ಆಮೇಲೆ ಪಂಪಿನ ಬೋಲ್ಟ್. ಆಮೇಲೆ ಒಂದೊಂದೇ ನಾಝಲ್ ಪೈಪು. ಮೂರನೆಯದನ್ನು ಬಿಗಿ ಮಾಡುತ್ತಿರುವಾಗಲೇ ಡಬ್ ಅಂತ ಒಂದು ಸಿಲಿಂಡರ್ ಕೆಮ್ಮಿತು. ಬಿಳಿ ಹೊಗೆ. ಇನ್ನೊಂದು. ಆಮೇಲೆ ಮೂರೂ ಒಟ್ಟಿಗೆ. ಲಿಂಬೆ ಗಿಡದ ಹಕ್ಕಿಗಳೆಲ್ಲ ಹಾರಿಹೋದವು. ಮಿಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್‌ಗೆ, ಹಿಡಿಯನ್ನು ಕಿವಿಗೆ ಇಟ್ಟು ಡಾಕ್ಟರ್ ಹಾಗೆ ಕೇಳಿಸಿಕೊಂಡರು. ನಾನು ನೋಟ್‌ಬುಕ್ ತೆರೆದು ಕಾದೆ. ಈ ಸಲ ಅವರು ಏನೂ ಹಾಕಿಸಲಿಲ್ಲ.

ಮರುದಿನ ಎರಡು ಸಾಲು ಹೊಡೆದೆ. ಕೊಂಬೆ ಒಂದೂ ಮುರಿಯಲಿಲ್ಲ. ಅವ್ವ ಬದುವಿನ ಮೇಲೆ ಕೂತು ನೋಡಿದಳು. ಮೂರನೆಯ ಸಾಲಿನ ತುದಿಯಲ್ಲಿ ಹಿಂದಿನ ಟೈರು ಕುಸಿಯಿತು. ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಗುಳ್ಳೆಗಳು ಎರಡು ಕಡೆಯಿಂದ ಬಂದವು. ಟೈರಿನೊಳಗೆ ಕೈಯಾಡಿಸಿ ಎರಡು ಮುಳ್ಳು ತೆಗೆದು ಕಲ್ಲಿನ ಮೇಲಿಟ್ಟ. ಒಂದು ಹಸಿರು ಲಿಂಬೆ ಮುಳ್ಳು. ಇನ್ನೊಂದು ಒಣಗಿದ ಜಾಲಿ ಮುಳ್ಳು, ಹಳೆಯ ಡ್ರೈವರಿನದು. ಎರಡಕ್ಕೂ ಬೇರೆ ಬೇರೆ ದುಡ್ಡು ತಗೊಂಡ.